ನಿನಗೆ ನೀರು ಬೇಕೆ?

‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮಾತು ಬಲ್ಲವರ ಸುಖವನ್ನು ಸಾರುವ ಗಾದೆಗಳು ನಮ್ಮ ನುಡಿಯಲ್ಲಿ ಬೇಕಾದಷ್ಟಿವೆ. ಆದರೆ ಮನಸ್ಸಿನಲ್ಲಿರುವುದು ನಾಲಗೆಗೆ ಬಾರದವನ, ಬಂದರೂ ಬೇರೊಂದು ರೂಪದಲ್ಲಿ ಬರುವವನ ಪಾಡೇನು? ಅಂಥವನ ಮಾತನ್ನು ಕೇಳುವವರ ಹೊಣೆಯೇನು? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಈ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿಕೊಂಡದ್ದು ಒಬ್ಬ ವಿದ್ಯಾರ್ಥಿಗೆ ಅನ್ಯಾಯ ಮಾಡಿದ ಮೇಲೆ.

1990ರ ದಶಕದ ನಡುವಿನ ಸಂಗತಿ ಇದು. ಆಗ ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಆ ವರ್ಷ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದು ಸೇರಿದ. ಹೆಸರು ಹಿಡಿದು ಕರೆದರೂ ಅವನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೂ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ಶಾಲೆಯ ಗಂಟೆ ಬಾರಿಸಿದೊಡನೆ ಎರಡು ಕಿವಿಗಳನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ದಿನವೂ ಬೆಂಚಿನ ಒಂದೇ ತುದಿಯಲ್ಲಿ ಕೂರಬೇಕು; ಅಲ್ಲಿ ಬೇರೆ ಯಾರಾದರೂ ಕುಳಿತರೆ ಇಡೀ ದಿನ ತಳಮಳಿಸುತ್ತಿದ್ದ. ಹಾಗಿದ್ದರೂ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸುಗಳ ವೇಳೆಯನ್ನೆಲ್ಲ ಒಂದೂ ತಪ್ಪದಂತೆ ಒಪ್ಪಿಸುತ್ತಿದ್ದ. ಒಮ್ಮೆ ನಾನು ಬೇಸರದಿಂದ, “ತಲೆ ತಿನ್ನಬೇಡ, ಹೋಗಿ ಕುಳಿತುಕೋ” ಎಂದಾಗ ಅವನು ಗಾಬರಿಯಿಂದ, “ತಿನ್ನಲ್ಲ, ತಿನ್ನಲ್ಲ” ಎನ್ನುತ್ತ ಹಿಂದೆ ಸರಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಬೇಸಗೆಯ ಒಂದು ಮಧ್ಯಾಹ್ನ ಅವನು ನನ್ನ ಮೇಜಿನ ಬಳಿ ಬಂದು ನಿಂತು, “ನಿಂಗೆ ನೀರು ಬೇಕಾ?” ಎಂದ. ಬೇಡವೆಂದೆ. ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ಕೇಳಿದಾಗ ಹುಡುಗರ ನಗು ತಡೆಯದಾಯಿತು. ಅಧ್ಯಾಪಕನನ್ನು ಏಕವಚನದಲ್ಲಿ ಕರೆದು ಅಣಕಿಸುತ್ತಿದ್ದಾನೆಂದು ತಿಳಿದ ನಾನು ಅವನನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಸಂಜೆ ಅವನನ್ನು ಕರೆದೊಯ್ಯಲು ಬಂದ ತಾಯಿಗೆ ದೂರು ಹೇಳಿದೆ. ಆಕೆ ತುಸು ಹೊತ್ತು ಸುಮ್ಮನಿದ್ದು, “ಅವ್ನು ಕೇಳಿದ್ದು ನಿಮ್ಗೆ ಬೇಕಾ ಅಂತಲ್ಲ ಮೇಷ್ಟ್ರೇ. ಅವ್ನಿಗೇ ಬೇಕಾಗಿತ್ತು. ಮನೇಲಿ ನೀರು ಕೊಡುವಾಗ ನಾನು ‘ನಿಂಗೆ ನೀರು ಬೇಕಾ?’ ಅಂತೀನಲ್ಲ, ಮೊಗ ಅದ್ನೇ ಕಲ್ತದೆ” ಎಂದರು. ಬಾಯಾರಿದ ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೆನೆಂಬುದು ನನಗೆ ಆಗ ತಿಳಿಯಿತು. ಕನ್ನಡದಲ್ಲಿ ಎಂ.ಎ. ಪದವಿ ಪಡೆದಿದ್ದ ನನಗೆ ಅರ್ಥವಾಗದ ಕನ್ನಡ ಅದು!

ಆ ಹುಡುಗನ ಸ್ಥಿತಿಗೆ ‘ಸ್ವಲೀನತೆ’ ಅಥವಾ ‘ಆಟಿಸಂ’ ಎಂಬ ಹೆಸರಿದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂದಿತು. ಅದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್ ಎಂಬ ಬಾಲಕ. ಅವನ ತಂದೆ ಮಗನ ನಡೆನುಡಿಗಳನ್ನೆಲ್ಲ ವಿವರಿಸಿ 33 ಪುಟಗಳ ಪತ್ರವನ್ನೇ ವೈದ್ಯರಿಗೆ ಕಳುಹಿಸಿದ್ದರು. ಆ ಬಾಲಕನೂ ತನಗೆ ಸ್ನಾನ ಬೇಕಾದಾಗ ‘ನಿನಗೆ ಸ್ನಾನ ಬೇಕೆ?’ ಎಂಬ ಅರ್ಥದ ಮಾತನ್ನೇ ಆಡುತ್ತಿದ್ದನಂತೆ. ಇದನ್ನು ಓದಿದಾಗ ನಮ್ಮ ಶಾಲೆಯ ಬಿಸಿಲು ನನ್ನ ಕಣ್ಣ ಮುಂದೆ ಬಂದಿತು.

ಸ್ವಲೀನತೆ ಅಂಟುರೋಗವಲ್ಲ, ಹುಚ್ಚಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಹುಟ್ಟಿಗೆ ಮುನ್ನವೇ ಮೊದಲಾಗುವ ಮಿದುಳಿನ ಬೆಳವಣಿಗೆಯ ಒಂದು ಭಿನ್ನತೆ ಅದು. ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆಂದು ಕಳೆದ ಶತಮಾನದಲ್ಲಿ ಕೆಲವು ಪಂಡಿತರು ನಂಬಿದ್ದರು. ಆ ನಂಬಿಕೆ ಸುಳ್ಳೆಂದು ಸಿದ್ಧವಾಗಿದೆ. ಆದರೆ ಅಷ್ಟರಲ್ಲಿ ಎಷ್ಟೋ ತಾಯಂದಿರು ಮಾಡದ ತಪ್ಪಿಗೆ ಕಣ್ಣೀರು ಹಾಕಿದ್ದರು. ಸ್ವಲೀನತೆ ಎಲ್ಲರಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಕೆಲವರು ಮಾತೇ ಆಡುವುದಿಲ್ಲ. ಕೆಲವರು ತಮಗೆ ಪ್ರಿಯವಾದ ವಿಷಯವನ್ನು ಕುರಿತು ಗಂಟೆಗಟ್ಟಲೆ ಮಾತನಾಡುತ್ತಾರೆ. ಕೆಲವರಿಗೆ ಬಾಳಿನುದ್ದಕ್ಕೂ ಇನ್ನೊಬ್ಬರ ಆಸರೆ ಬೇಕು. ಕೆಲವರು ಕಾಲೇಜು ಮುಗಿಸಿ ಉದ್ಯೋಗದಲ್ಲಿದ್ದಾರೆ. ಇದನ್ನು ಇಲ್ಲವಾಗಿಸುವ ಔಷಧಿಯಿಲ್ಲ. ಇರುವುದು ಕಲಿಸುವ ದಾರಿ, ಅದೂ ತಾಳ್ಮೆಯ ದಾರಿ.

ಆ ದಾರಿ ಎಂಥದು? ಕೇಳಿದ್ದನ್ನೇ ಮರುನುಡಿಯುವ ಮಗು ಅರ್ಥವಿಲ್ಲದೆ ನುಡಿಯುತ್ತಿದೆಯೆಂದು ತಿಳಿಯಬಾರದು. ಅದಕ್ಕೆ ಮಾತು ಬಿಡಿಬಿಡಿಯಾಗಿ ಬರುವುದಿಲ್ಲ. ಇಡಿಯಾದ ಕಟ್ಟಾಗಿ ಬರುತ್ತದೆ. ‘ನಾನು’, ‘ನೀನು’ ಎಂಬ ಪದಗಳು ಆಡುವವರು ಬದಲಾದಂತೆ ಬದಲಾಗುತ್ತವೆ ಎಂಬ ಗುಟ್ಟು ಅದಕ್ಕೆ ಸುಲಭವಾಗಿ ಹಿಡಿತಕ್ಕೆ ಸಿಗದು. ಆದ್ದರಿಂದ ಮಗುವಿಗೆ ನೀರು ಬೇಕಾದ ಗಳಿಗೆಯಲ್ಲಿಯೇ, ಲೋಟವನ್ನು ಕೈಯಲ್ಲಿ ಹಿಡಿದು, ಮಗುವಿನ ಬಾಯಿಂದ ಬರಬೇಕಾದ ಮಾತನ್ನೇ ನಾವು ಆಡಿ ತೋರಿಸಬೇಕು: ‘ನನಗೆ ನೀರು ಬೇಕು.’ ಆಮೇಲೆ ಕಾಯಬೇಕು. ಮಗು ಅರ್ಧ ನುಡಿದರೂ, ಬೆರಳು ತೋರಿದರೂ ನೀರನ್ನು ಕೊಡಬೇಕು. ಮಾತಾಡಿದರೆ ಬಯಸಿದ್ದು ದೊರಕುತ್ತದೆಂಬ ನಂಬಿಕೆಯೇ ಮಾತಿನ ಬೇರು. ನುಡಿ ಬಾರದವರಿಗೆ ಚಿತ್ರಗಳು, ಸನ್ನೆಗಳು, ಬರೆದ ಪದಗಳು ನೆರವಾಗುತ್ತವೆ. ಚಿತ್ರ ತೋರಿಸಿದರೆ ಮಗು ಮಾತು ಕಲಿಯುವುದೇ ಇಲ್ಲವೆಂಬ ಅಂಜಿಕೆಗೆ ಆಧಾರವಿಲ್ಲ.

ಈ ವಿದ್ಯೆಯನ್ನು ಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದಾರೆ. 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಮಾತಿನ ತೊಂದರೆಯುಳ್ಳ ಮಕ್ಕಳನ್ನು ಅಲ್ಲಿ ಪರೀಕ್ಷಿಸಿ ತರಬೇತಿ ಕೊಡುತ್ತಾರೆ. ವಾಕ್ ತಜ್ಞೆ ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕಾಮ್ ಡೀಲ್’ ಎಂಬ ಕ್ರಮದಲ್ಲಿ ಎಳೆಯ ಮಕ್ಕಳಿಗೆ ಮಾತು, ಕೈಕಾಲುಗಳ ಚಲನೆ, ಇತರರೊಡನೆ ಬೆರೆಯುವ ರೂಢಿ ಇವೆಲ್ಲವನ್ನೂ ಒಟ್ಟಿಗೆ ಕಲಿಸುತ್ತಾರೆ. ಎಳವೆಯಲ್ಲಿಯೇ ಮೊದಲುಮಾಡಿದಷ್ಟೂ ಒಳ್ಳೆಯದು. ಹಾಗೆಂದು ಬೆಳೆದವರು ಕಲಿಯಲಾರರೆಂದಲ್ಲ. ಕಲಿಕೆಗೆ ಬಾಗಿಲು ಮುಚ್ಚುವ ವಯಸ್ಸೆಂಬುದಿಲ್ಲ.

ಬೆಳೆದವರ ಕಲಿಕೆಯಲ್ಲಿ ಮಾತೂ ಬದುಕೂ ಬೇರೆ ಬೇರೆಯಾಗಿ ಇರುವುದಿಲ್ಲ. ಡೊನಾಲ್ಡನ ಕಥೆಯೇ ಇದಕ್ಕೆ ಸಾಕ್ಷಿ. 1942ರಲ್ಲಿ ಅವನ ಹೆತ್ತವರು ಅವನನ್ನು ಊರಿಗೆ ಸುಮಾರು ಹತ್ತು ಮೈಲಿ ದೂರದ ಹೊಲವೊಂದರಲ್ಲಿ, ಒಕ್ಕಲು ದಂಪತಿಗಳ ಮನೆಯಲ್ಲಿ ಇರಿಸಿದರು. ಹುಡುಗನಿಗೆ ಅಳೆಯುವ ಹುಚ್ಚು, ಎಣಿಸುವ ಹುಚ್ಚು. ಆ ದಂಪತಿಗಳು ಅದನ್ನು ಬಿಡಿಸಲು ಹೊಡೆಯಲಿಲ್ಲ, ಬೈಯಲಿಲ್ಲ. ಅಳೆಯುವವನಿಂದ ಬಾವಿ ತೋಡಿಸಿ, ಎಷ್ಟು ಆಳವಾಯಿತೆಂದು ಹೇಳಿಸಿದರು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನಿಗೆ ನೇಗಿಲು ಕೊಟ್ಟು, ಉಳುತ್ತ ಎಣಿಸೆಂದರು. 1945ರಲ್ಲಿ ನೋಡಲು ಹೋದ ಕ್ಯಾನರ್ ಅವರು ಆ ಒಕ್ಕಲು ಮಕ್ಕಳ ಜಾಣ್ಮೆಗೆ ಬೆರಗಾದರು. ಮುಂದೆ ಡೊನಾಲ್ಡ್ 1958ರಲ್ಲಿ ಪದವೀಧರನಾದ, ತನ್ನ ಊರಾದ ಫಾರೆಸ್ಟಿನ ಬ್ಯಾಂಕಿನಲ್ಲಿ ದುಡಿದ, ಕಾರು ನಡೆಸಿದ, ದೇಶ ವಿದೇಶ ಸುತ್ತಿದ. ಊರಿನ ಜನ ಅವನನ್ನು ಇದ್ದಂತೆಯೇ ಒಪ್ಪಿಕೊಂಡಿದ್ದರು. 2023ರಲ್ಲಿ, 89ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ.

ಆ ಒಕ್ಕಲು ದಂಪತಿಗಳ ಹೆಸರನ್ನೇ ಕೇಳಿರದ ನಮ್ಮ ಹುಡುಗನ ತಾಯಿ ಅದೇ ದಾರಿಯನ್ನು ತಾವಾಗಿಯೇ ಕಂಡುಕೊಂಡಿದ್ದರು. ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳು ಸಾಕುತ್ತಿದ್ದರು. ರೇಷ್ಮೆಯ ಕೆಲಸಕ್ಕೆ ಹೊತ್ತು ಹೊತ್ತಿನ ಕಟ್ಟುಪಾಡು ಬಹಳ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು; ಹುಳು ಪೊರೆ ಬಿಡುವಾಗ ಸೊಪ್ಪು ನಿಲ್ಲಿಸಬೇಕು; ಹಣ್ಣಾದ ಹುಳುಗಳನ್ನು ಗುರುತಿಸಿ, ಆಯ್ದು, ಚಂದ್ರಿಕೆಗೆ ಬಿಡಬೇಕು. ದಿನದಿನವೂ ಒಂದೇ ಕ್ರಮವನ್ನು ಬಯಸುವ ಹುಡುಗನಿಗೆ ಇದು ಒಗ್ಗಿತು. ಬಸ್ಸುಗಳ ವೇಳೆಯನ್ನು ನೆನಪಿಡುವವನು ಸೊಪ್ಪಿನ ವೇಳೆಯನ್ನೂ ನೆನಪಿಟ್ಟ. ಸುಮ್ಮನೆ ಎಣಿಸುತ್ತ ಕೂರುವ ಬದಲು ತಟ್ಟೆಗಳನ್ನು ಎಣಿಸಿ, “ಹತ್ತು ಆಯ್ತು, ನಾಕು ಉಳಿದವೆ” ಎಂದು ಹೇಳತೊಡಗಿದ. ಅದು ಅವನು ಯಾರಿಂದಲೂ ಮರುನುಡಿಯದ, ತನ್ನದೇ ಆದ ವಾಕ್ಯ. ಕಚ್ಚಾ ಗೂಡು, ಜೋಡಿ ಗೂಡು, ಕಲೆ ಬಿದ್ದ ಗೂಡುಗಳನ್ನು ಬೇರ್ಪಡಿಸುವುದರಲ್ಲಿ ಅವನ ಕಣ್ಣಿಗೆ ಸಮನಾದ ಕಣ್ಣು ಆ ಮನೆಯಲ್ಲಿ ಇರಲಿಲ್ಲ.

ಬದುಕುವ ವಿದ್ಯೆಗಳಲ್ಲಿ ಇನ್ನೂ ಎಷ್ಟೋ ಇವೆ. ಮೀಯುವುದು, ಬಟ್ಟೆ ಒಗೆಯುವುದು, ಅನ್ನ ಬೇಯಿಸುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಪಡೆಯುವುದು ಇವನ್ನೆಲ್ಲ ನಾವು ನೋಡನೋಡುತ್ತಲೇ ಕಲಿಯುತ್ತೇವೆ. ಅವರಿಗೆ ಒಂದೊಂದನ್ನೂ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಬಿಡಿಸಿ ಕಲಿಸಬೇಕು. ಚಾಮರಾಜನಗರದಲ್ಲಿದ್ದ ಅಕ್ಕನ ಮನೆಗೆ ಒಬ್ಬನೇ ಹೋಗಿಬರುವುದನ್ನು ಆ ತಾಯಿ ಮಗನಿಗೆ ಕಲಿಸಿದ ಬಗೆಯನ್ನು ಕೇಳಿ. ಮೊದಲ ಕೆಲವು ಸಲ ಪಕ್ಕದಲ್ಲಿ ಕುಳಿತು ಹೋದರು. ಆಮೇಲೆ ಅದೇ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕುಳಿತರು. ಬಳಿಕ ಮಗನನ್ನು ಬಸ್ಸು ಹತ್ತಿಸಿ, ಅಲ್ಲಿ ಇಳಿಸಿಕೊಳ್ಳಲು ಮಗಳನ್ನು ನಿಲ್ಲಿಸಿದರು. ಒಂದು ದಿನ ಬಸ್ಸು ಬರಲೇ ಇಲ್ಲ. ಹುಡುಗ ನಿಲ್ದಾಣದಲ್ಲಿ ಕಿವಿ ಮುಚ್ಚಿ ಕುಸಿದು ಕುಳಿತ. ಬಸ್ಸು ಬಾರದೆಯೂ ಇರಬಹುದೆಂಬುದನ್ನು ಅವನಿಗೆ ಕಲಿಸಿರಲಿಲ್ಲವಲ್ಲ! ಮರುದಿನದಿಂದ ತಾಯಿ ಹೊಸ ಮಾತೊಂದನ್ನು ಕಲಿಸತೊಡಗಿದರು: “ಅಣ್ಣಾ, ಬಸ್ಸು ಬರಲಿಲ್ಲ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ?” ಅದರೊಡನೆ “ಬೇಡ” ಎಂಬ ಪದವನ್ನೂ ಗಟ್ಟಿಯಾಗಿ ಹೇಳಲು ಕಲಿಸಿದರು. ನೋವಾದಾಗ ನೋವೆಂದು, ಒಲ್ಲದ್ದನ್ನು ಬೇಡವೆಂದು ಹೇಳಲಾರದವರನ್ನು ದುರುಳರು ಸುಲಭವಾಗಿ ಪೀಡಿಸುತ್ತಾರೆ. ಆದ್ದರಿಂದ ‘ಬೇಡ’ ಎಂಬ ಪದ ಅವರಿಗೆ ರಕ್ಷೆಯಿದ್ದಂತೆ.

ಇಷ್ಟಾದರೂ ಅಂಥ ಮಕ್ಕಳ ಹೆತ್ತವರ ಎದೆಯಲ್ಲಿ ಒಂದು ಪ್ರಶ್ನೆ ಉಳಿದೇ ಇರುತ್ತದೆ: ‘ನಮ್ಮ ತರುವಾಯ ಇವನಿಗೆ ಯಾರು?’ ಈ ಪ್ರಶ್ನೆಗೆ ಸಮಾಜ ಉತ್ತರ ಕೊಡಬೇಕು. 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮದಂತೆ, ಹದಿನೆಂಟು ತುಂಬಿದ ಸ್ವಲೀನ ವ್ಯಕ್ತಿಗೆ ಅಗತ್ಯವಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಪಾಲಕರನ್ನು ನೇಮಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ. ಅದು ನಿಗದಿಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಾದ ಶೇಕಡಾ 4ರಲ್ಲಿ ಅವರಿಗೂ ಪಾಲಿದೆ. ಇವು ದಯೆಯಿಂದ ನೀಡುವ ಭಿಕ್ಷೆಗಳಲ್ಲ, ನ್ಯಾಯವಾಗಿ ಸಲ್ಲಬೇಕಾದ ಹಕ್ಕುಗಳು. ಆದರೆ ಬಸ್ ನಿಲ್ದಾಣದಲ್ಲಿ ಕುಸಿದು ಕುಳಿತವನ ಬಳಿಗೆ ಕಾನೂನು ನಡೆದು ಬರುವುದಿಲ್ಲ. ಅಲ್ಲಿಗೆ ಬರಬೇಕಾದವರು ನಾವು.

ಎಳೆಯ ಮಿತ್ರರೇ, ನಿಮ್ಮ ತರಗತಿಯಲ್ಲಿಯೋ ನಿಮ್ಮ ಕೇರಿಯಲ್ಲಿಯೋ ಇಂಥ ಗೆಳೆಯನೋ ಗೆಳತಿಯೋ ಇರಬಹುದು. ಅವರೊಡನೆ ಸುತ್ತುಬಳಸಿಲ್ಲದೆ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ. ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಿರಿ. ಅವರ ಪರವಾಗಿ ನೀವೇ ಉತ್ತರಿಸಬೇಡಿ. ನಾಳೆ ಶಾಲೆಯ ವೇಳೆ ಬದಲಾಗುವುದಿದ್ದರೆ ಇಂದೇ ತಿಳಿಸಿ. ತಮಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡವರನ್ನು ಕಂಡು ನಗದೆ, ತುಸು ದೂರಕ್ಕೆ ಕರೆದೊಯ್ಯಿರಿ. ಆಟಕ್ಕೆ ಕರೆಯಿರಿ, ಬಾರದಿದ್ದರೆ ನಾಳೆ ಮತ್ತೆ ಕರೆಯಿರಿ. ನನಗೆ ತಿಳಿಯದೆ ಹೋದದ್ದು ನಿಮಗೆ ತಿಳಿದಿರಲಿ.

ನಿವೃತ್ತನಾದ ಮೇಲೆ ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಹುಡುಗ ಈಗ ನಲವತ್ತು ದಾಟಿದ ಗಂಡಸು. ಮಾತು ಇಂದಿಗೂ ಕಡಿಮೆ, ತಾಯಿಗೆ ವಯಸ್ಸಾಗಿದೆ, ಆಕೆಯ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಚಾಮರಾಜನಗರದಿಂದ ಅಕ್ಕನ ಮಕ್ಕಳು ಬಂದು ಹೋಗಿ ಮಾಡುತ್ತಾರೆ, ನೆರೆಯವರು ಹೊತ್ತಿಗೆ ಆಗುತ್ತಾರೆ. ಬಿಸಿಲಿನಲ್ಲಿ ನಡೆದು ಬಂದ ನಾನು ಜಗುಲಿಯ ಮೇಲೆ ಕುಳಿತಿದ್ದೆ. ಅವನು ಹುಳುಮನೆಯಿಂದ ಹೊರಗೆ ಬಂದ. ನನ್ನ ಮುಖವನ್ನು ನೋಡದೆ, ತಂಬಿಗೆಯನ್ನು ಮುಂದೆ ಚಾಚಿ, “ಮೇಷ್ಟ್ರೇ, ನಿಮ್ಗೆ ನೀರು ಬೇಕಾ?” ಎಂದ.

“ಬೇಕಪ್ಪಾ” ಎಂದೆ.