ಹಾಡು ಬಾರದ ಭಾನುವಾರ

ಪ್ರಶ್ನೆ: ನಾವು ಹತ್ತಿಕುಣಿಯವರು. ಈ ಸಲ ಮಳೆಗೆ ತೊಗರಿ ಕೊಳೆತು ಹೋಯಿತು. ಸಾಲ ತೀರಿಸಲು ಯಜಮಾನರು ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಮಕ್ಕಳ ಜೊತೆ ನಾನೊಬ್ಬಳೇ. ಸಭೆಯಲ್ಲಿ ಹಾಡು ಎತ್ತುತ್ತಿದ್ದವಳು ನಾನು. ಈಗ ಬಾಯಿ ತೆರೆದರೆ ಅಳು ಬರುತ್ತದೆ. 'ಸ್ತುತಿ ಮಾಡು, ಎಲ್ಲ ಸರಿಹೋಗುತ್ತದೆ, ಅಳುವುದು ಅವಿಶ್ವಾಸ' ಎನ್ನುತ್ತಾರೆ. ನನ್ನ ವಿಶ್ವಾಸ ಹೋಯಿತೇ? ಒಮ್ಮೊಮ್ಮೆ ಬೆಳಗ್ಗೆ ಏಳುವುದೇ ಬೇಡ ಅನಿಸುತ್ತದೆ.

ಉತ್ತರ: ವರ್ಷದ ಬೆಳೆ ಕೈಬಿಟ್ಟು, ಮನೆಯವರು ಗುಳೆ ಹೋಗಿ, ಮಕ್ಕಳ ಮುಂದೆ ಗಟ್ಟಿಯಾಗಿರುವ ಭಾರವೂ ನಿಮ್ಮ ಮೇಲೇ ಬಿದ್ದಿರುವಾಗ ಗಂಟಲು ಕಟ್ಟದಿದ್ದರೇ ಆಶ್ಚರ್ಯ. ಅದು ದುಃಖ, ಅವಿಶ್ವಾಸವಲ್ಲ. ಭಾನುವಾರ ಹಿಂದಿನ ಸಾಲಿನಲ್ಲಿ ಬರೀ ತುಟಿ ಅಲ್ಲಾಡಿಸುತ್ತ ನಿಲ್ಲುವವರು ನೀವೊಬ್ಬರೇ ಅಲ್ಲ.

ಅಳುವುದು ಅವಿಶ್ವಾಸ ಎಂದವರು ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಆದರೆ ಬೈಬಲಿನ ಹಾಡಿನ ಪುಸ್ತಕ ಅವರ ಮಾತನ್ನು ಒಪ್ಪುವುದಿಲ್ಲ. 13ನೇ ಕೀರ್ತನೆ ತೆಗೆಯಿರಿ, ಆರೇ ವಚನ. ಇನ್ನೂ ಎಷ್ಟು ದಿನ ಎಂದು ದೇವರನ್ನೇ ಮತ್ತೆ ಮತ್ತೆ ಕೇಳಿದ ಮೇಲೆ, ಹಾಡುವ ಮಾತು ಬರುವುದು ಕಟ್ಟಕಡೆಗೆ. 88ನೆಯದು ಅಲ್ಲಿಗೂ ಬರುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗೆಂದು ಅದನ್ನು ಯಾರೂ ಕಿತ್ತುಹಾಕಲಿಲ್ಲ.

ಸ್ತುತಿಯ ಬಲ ಎಂದರೆ ಪ್ರಸಂಗಗಳಲ್ಲಿ ಬರುವುದು ಪೌಲ ಸೀಲರು. ಏಟು ತಿಂದು ಸೇರಿದ ಫಿಲಿಪ್ಪಿಯ ಸೆರೆಮನೆ, ನಡುರಾತ್ರಿ, ಹಾಡು, ಭೂಕಂಪ, ತೆರೆದ ಬಾಗಿಲು. ಪ್ರಸಂಗ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವನ್ನು ಮುಂದೆ ಓದಿ. ಹಾಡಿದ್ದಕ್ಕೆ ಏಟಿನ ಗಾಯ ಮಾಯಲಿಲ್ಲ. ಸೆರೆಯ ಯಜಮಾನ ಆ ರಾತ್ರಿಯೇ ಗಾಯ ತೊಳೆದ, ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದ. ಹಾಡು ಅವರನ್ನು ಕುಸಿಯದಂತೆ ಹಿಡಿದಿತ್ತು, ಗಾಯಕ್ಕೆ ಮನುಷ್ಯರ ಕೈ ಬೇಕಾಯಿತು. ಇನ್ನೊಂದು, ಹಾಡಿದವರು ಇಬ್ಬರು. ಒಬ್ಬನೇ ಇದ್ದಿದ್ದರೆ ಪೌಲನ ಬಾಯಿಂದಲೂ ಹಾಡು ಹೊರಡುತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ಆದ್ದರಿಂದ ಹಾಡು ಎತ್ತುವ ಹೊಣೆಯನ್ನು ಸದ್ಯ ಬೇರೆಯವರಿಗೆ ಬಿಡಿ. ಪಾಸ್ಟರಮ್ಮನಿಗೋ, ಸಭೆಯಲ್ಲಿ ನಿಮಗೆ ಹತ್ತಿರದವರಿಗೋ ಹೇಳಿ: ಪಕ್ಕದಲ್ಲಿ ಕೂತು ನೀವು ಹಾಡಿ, ನಾನು ಕೇಳುತ್ತೇನೆ. ಅಳು ಬಂದರೆ ಬರಲಿ. ಮನೆಯಲ್ಲಿ ರೊಟ್ಟಿ ಬಡಿದು ಮುಗಿಸಿ ಕೂತಾಗ ಬಾಯಿಪಾಠವಿರುವ ಒಂದೇ ಚರಣ ಗುನುಗಿ, ಸಾಲಿನ ಕೊನೆಯನ್ನು ಎಳೆದು ಬಿಡಿ. ಉಸಿರು ನಿಧಾನವಾಗಿ ಹೊರಹೋದಂತೆ ಎದೆಬಡಿತವೂ ತುಸು ಇಳಿಯುತ್ತದೆ. ಯಜಮಾನರು ಫೋನ್ ಮಾಡಿದಾಗ ಸಾಲದ ಲೆಕ್ಕ ಮುಗಿದ ಮೇಲೆ ಆ ಚರಣವನ್ನೇ ಇಬ್ಬರೂ ಹೇಳಿ. ಅವರಿಗೂ ಅಲ್ಲಿ ನಿಮ್ಮ ದನಿ ಬೇಕು.

ಏಳುವುದೇ ಬೇಡ ಎಂಬ ನಿಮ್ಮ ಕೊನೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಿದ್ದೆ, ಹಸಿವು ಎರಡು ವಾರದಿಂದ ಕೆಟ್ಟಿದ್ದರೆ ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಡಾಕ್ಟರ ಹತ್ತಿರ ಹೋಗುವುದು ವಿಶ್ವಾಸದ ಕೊರತೆ ಎಂದು ಯಾರಾದರೂ ಅಂದರೆ, ಈ ಭಾಗದಲ್ಲಿ ಸಭೆಗಳನ್ನು ಕಟ್ಟಿದ ಮೆಥೋಡಿಸ್ಟರೇ ಯಾದಗಿರಿಯಲ್ಲಿ ಹೋಲ್‌ಸ್ಟನ್ ಆಸ್ಪತ್ರೆಯನ್ನೂ ನಡೆಸಿದ್ದನ್ನು ನೆನಪಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಪಕ್ಕದ ಮನೆಯವರನ್ನು ಎಬ್ಬಿಸಿ. ತೊಗರಿಗೆ ಹೊಡೆದು ಉಳಿದ ಔಷಧದ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಅವರ ಕೈಗೆ ಕೊಟ್ಟು, ಯಜಮಾನರು ಬರುವ ತನಕ ಇಟ್ಟುಕೊಳ್ಳಲು ಹೇಳಿ.