ನಿನ್ನ ಎಲುಬಿನ ಅಳತೆಗೆ ನಿನ್ನ ಡೆಡ್‌ಲಿಫ್ಟ್

ಮಗಾ, ವಿಜಯವಾಡದಲ್ಲಿರುವ ಅಕ್ಕನ ಹಾಗೆಯೇ ಡೆಡ್‌ಲಿಫ್ಟ್ ಮಾಡಲು ಹೋಗಿ ನಿನಗೆ ಸೊಂಟ ಹಿಡಿದುಕೊಂಡಿದೆ ಅಂತ ನಿಮ್ಮಮ್ಮ ಹೇಳಿದಳು. ಅಕ್ಕ ಗಿಡ್ಡ, ತೊಡೆ ಚಿಕ್ಕದು, ತೋಳು ಉದ್ದ. ನಿನ್ನದು ತಾತನ ಮೈಕಟ್ಟು: ಕಾಲು ಉದ್ದ, ಮುಂಡ ಗಿಡ್ಡ. ಅವಳ ಭಂಗಿ ನಿನಗೆ ಒಗ್ಗುವುದಿಲ್ಲ.

ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಅಂದರೆ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ, ಎತ್ತುವವರು ಐದಡಿ ಇರಲಿ, ಆರಡಿ ಇರಲಿ. ಅಷ್ಟು ಕೆಳಗೆ ಕೈ ಮುಟ್ಟಿಸಲು ಮೈ ಎಲ್ಲೆಲ್ಲಿ ಎಷ್ಟು ಮಡಚಬೇಕೆಂಬುದು ತೊಡೆ, ಬೆನ್ನು, ತೋಳುಗಳ ಉದ್ದಕ್ಕೆ ಬಿಟ್ಟದ್ದು. ತೊಡೆ ಉದ್ದವಿರುವವನ ಸೊಂಟ ಮೇಲಿರುತ್ತದೆ, ಬೆನ್ನು ಜಾಸ್ತಿ ಬಾಗುತ್ತದೆ. ಬಾಗಲಿ, ಗೂನಾಗದಿದ್ದರೆ ಸರಿ. ನೀನು ಅಕ್ಕನಂತೆ ಸೊಂಟ ಇಳಿಸಿದರೆ ಕಣಕಾಲು ಬಾರನ್ನು ಮುಂದಕ್ಕೆ ತಳ್ಳುತ್ತದೆ. ಎಳೆದ ಕೂಡಲೇ ಸೊಂಟವಷ್ಟೇ ಮೇಲೇಳುತ್ತದೆ, ದೂರ ಸರಿದ ಭಾರವೆಲ್ಲ ನಡುವಿಗೆ ಬೀಳುತ್ತದೆ. ನಿನಗಾದದ್ದು ಅದೇ ಇರಬೇಕು.

ಬಾರ್ ಪಾದದ ನಡುಭಾಗದ ಮೇಲೆ, ಕಣಕಾಲಿಂದ ಒಂದಿಂಚು ದೂರ ಇರುವಂತೆ ನಿಲ್ಲು. ಮೊದಲು ಬಾಗಿ ಹಿಡಿ. ಆಮೇಲೆ ಕಣಕಾಲು ಬಾರಿಗೆ ತಾಗುವಷ್ಟೇ ಮೊಣಕಾಲು ಮಡಚು. ಆಗ ಸೊಂಟ ಎಲ್ಲಿ ನಿಂತಿತೋ ಅದೇ ನಿನ್ನ ಜಾಗ. ಹೊಟ್ಟೆತುಂಬ ಉಸಿರು ಹಿಡಿದು, ಕಂಕುಳು ಬಿಗಿದು, ಬಾರ್ ಕಾಲನ್ನು ಸವರಿಕೊಂಡೇ ಬರುವಂತೆ ಎತ್ತು. ಜಿಮ್‌ನಲ್ಲಿ ಸಣ್ಣ ಪ್ಲೇಟುಗಳೇ ಇದ್ದರೆ ಬಾರ್ ಇನ್ನೂ ಕೆಳಗಿರುತ್ತದೆ. ಅವುಗಳಡಿ ದಪ್ಪ ಹಲಗೆ ಇಟ್ಟುಕೋ, ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮ ಕಡಲತೀರದ ಊರಿನ ಬೆವರಿಗೆ ಅಂಗೈಗೆ ಚಾಕ್ ಬೇಕೇ ಬೇಕು.

ಕಾಲಗಲಿಸಿ ನಿಲ್ಲುವ ಸೂಮೊ ಶೈಲಿಯನ್ನೂ ಹಗುರ ತೂಕದಲ್ಲಿ ನೋಡು. ಅದರಲ್ಲಿ ಬೆನ್ನು ನೆಟ್ಟಗಿರುತ್ತದೆ, ನಡುವಿಗೆ ಭಾರ ಕಡಿಮೆ. ಪವರ್‌ಲಿಫ್ಟಿಂಗ್ ನಿಯಮವೂ ಎರಡನ್ನೂ ಒಪ್ಪುತ್ತದೆ. ಆದರೆ ತೊಡೆಸಂದಿಯಲ್ಲಿ ಚುಚ್ಚಿದಂತಾದರೆ ಬಿಟ್ಟುಬಿಡು. ಸೊಂಟದ ಕೀಲು ಎಲ್ಲರಿಗೂ ಒಂದೇ ಥರ ಇರುವುದಿಲ್ಲ.

ಅಮೆರಿಕದ ಪವರ್‌ಲಿಫ್ಟರ್ ಲಮಾರ್ ಗ್ಯಾಂಟ್‌ನ ಬೆನ್ನುಮೂಳೆ ಪಕ್ಕಕ್ಕೆ ವಾಲಿತ್ತು, ತೋಳು ಬಲು ಉದ್ದ. 1985ರಲ್ಲಿ ಆತ ತನ್ನ ಮೈತೂಕದ ಐದು ಪಟ್ಟು, 300 ಕೆ.ಜಿ. ಎತ್ತಿದ. ಆ ಭಂಗಿ ಆ ಮೈಗೇ ಸರಿ. ನಿಮ್ಮ ಪಕ್ಕದ ಶ್ರೀಕಾಕುಳಂ ಸೀಮೆಯ ಕರಣಂ ಮಲ್ಲೇಶ್ವರಿ 2000ರ ಸಿಡ್ನಿ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದವರು. ಅವರ ಚಿತ್ರ ಗೋಡೆಗೆ ಅಂಟಿಸಿಕೋ, ಕೂರುವ ಭಂಗಿಯನ್ನು ಮಾತ್ರ ಅನುಕರಿಸಬೇಡ. ಬಾರನ್ನು ತಲೆಯ ಮೇಲಕ್ಕೆ ಒಯ್ಯಬೇಕಾದ್ದರಿಂದ ಆ ಆಟದಲ್ಲಿ ಸೊಂಟ ಕೆಳಗಿಂದ ಹೊರಡುತ್ತದೆ.

ಸದ್ಯ ಭಾರ ಮುಟ್ಟದೆ ಬೆಳಿಗ್ಗೆ ರಾಮಕೃಷ್ಣ ಬೀಚಿನಲ್ಲಿ ನಡೆದಾಡು. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗು. ಪೂರ್ತಿ ವಾಸಿಯಾದ ಮೇಲೆ, ಅಕ್ಕ ರತ್ನಾಚಲ್ ರೈಲಿಗೆ ಬಂದಾಗ, ಹಗುರ ತೂಕದಿಂದ ಶುರುಮಾಡು. ಅವಳು ಪಕ್ಕದಲ್ಲಿ ನಿಂತು, ಬಾರ್ ನೇರ ಮೇಲೇಳುತ್ತದೆಯೇ ಅಂತ ನೋಡಲಿ.