ಊಜಿಯ ಊರಿನಿಂದ ನೊಣದ ಪಂಜರಕ್ಕೆ

ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆ. 1980ರಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಕಿಟಕಿ ಬಾಗಿಲಿಗೆಲ್ಲ ಪರದೆ ಹೊಡೆದು ನೊಣವನ್ನು ಹೊರಗಿಟ್ಟವರು. ಈಗ ಬ್ರಿಟನ್ನಿನ ಒಂದು ಪ್ರಯೋಗಾಲಯದಲ್ಲಿ ಅಂಥದೇ ಪರದೆಯೊಳಗೆ ನೊಣ ಸಾಕುವುದು ನನ್ನ ಕೆಲಸ. ಲೂಸಿಲಿಯಾ ಸೆರಿಕಾಟಾ ಎಂಬ ಹಸಿರು ಮಿಂಚಿನ ನೊಣ; ಸೆರಿಕಾಟಾ ಎಂದರೆ ಲ್ಯಾಟಿನ್‌ನಲ್ಲಿ ರೇಷ್ಮೆ ಉಟ್ಟದ್ದು ಎಂದರ್ಥವಂತೆ, ಋಣ ಬಿಡಲಿಲ್ಲ. ಇದರ ಮರಿಹುಳು ಮಾಯದ ಗಾಯದ ಸತ್ತ ಮಾಂಸವನ್ನು ಕರಗಿಸಿ ಹೀರುತ್ತದೆ. ಚದರ ಸೆಂಟಿಮೀಟರಿಗೆ 5ರಿಂದ 8 ಹುಳು, ಎರಡು ಮೂರು ದಿನ ಪಟ್ಟಿಯೊಳಗೆ, ಆಮೇಲೆ ತೆಗೆದುಬಿಡುವುದು. ಈ ನೊಣ ಸಾಕುತ್ತ ಕಲಿತ ಐದು ಪಾಠ ಇವು.

1. ಮೊಟ್ಟೆ ಬರದಿದ್ದರೆ ಹೋದ ವಾರವನ್ನು ನೋಡು.

ಸಕ್ಕರೆ, ನೀರು ಇಟ್ಟರೆ ನೊಣ ವಾರಗಟ್ಟಲೆ ಆರಾಮಾಗಿ ಬದುಕುತ್ತದೆ. ಆದರೆ ಮಾಂಸದ ಸತ್ವ ಹೊಟ್ಟೆಗೆ ಬೀಳದೆ ಹೆಣ್ಣಿನ ಅಂಡಾಶಯ ಬಲಿಯುವುದಿಲ್ಲ. ನಾನು ಸೇರಿದ ಹೊಸದರಲ್ಲಿ ಈಲಿ, ಅದೇ ಪೇಟೆಯವರ ಲಿವರ್, ಬರುವುದು ತಡವಾಯಿತು. ಪಂಜರ ಗಿಜಿಗುಡುತ್ತಿದೆಯಲ್ಲ ಎಂದು ಸುಮ್ಮನಿದ್ದೆ. ಎಂಟನೇ ದಿನ ಈಲಿ ಇಟ್ಟರೆ ಎಲ್ಲವೂ ಮುಗಿಬಿದ್ದು ನೆಕ್ಕಿದವು, ಒಂದೂ ಮೊಟ್ಟೆಯಿಡಲಿಲ್ಲ. ಅವತ್ತು ಅವುಗಳಿಗೆ ಅದು ಬಾಣಂತಿ ಕೋಣೆಯಲ್ಲ, ಮೊದಲ ಊಟ. ಮೊಟ್ಟೆ ಕಂಡದ್ದು ಮತ್ತೆ ನಾಲ್ಕೈದು ದಿನ ಬಿಟ್ಟು. ಅಷ್ಟರಲ್ಲಿ ಆಸ್ಪತ್ರೆಗೆ ಹೋಗಬೇಕಾದ ಹುಳು ಹೋಗಿರಲಿಲ್ಲ.

ಈಲಿಯನ್ನು ಹೇಗೆ ಇಡುತ್ತೇವೆ ಎನ್ನುವುದೂ ಮುಖ್ಯ. ಹೆಣ್ಣು ಬಯಲಿನಲ್ಲಿ ಮೊಟ್ಟೆಯಿಡುವುದಿಲ್ಲ. ಹೊಟ್ಟೆಯ ತುದಿಯನ್ನು ದುರ್ಬೀನಿನ ಕೊಳವೆಯಂತೆ ಉದ್ದ ಮಾಡಿ, ಒದ್ದೆಯ ಸಂದು ಎಲ್ಲಿದೆ ಎಂದು ತಡಕುತ್ತದೆ. ಅದಕ್ಕೇ ಈಲಿಗೆ ಚಾಕುವಿನಲ್ಲಿ ಗೀರು ಹಾಕಿ, ಮಡಚಿ ಇಡುತ್ತೇನೆ. ಒಂದು ಹೆಣ್ಣು ಒಂದು ಸಲಕ್ಕೆ ಸುಮಾರು 200 ಮೊಟ್ಟೆಗಳನ್ನು ನುಚ್ಚಕ್ಕಿಯ ಮುದ್ದೆಯ ಹಾಗೆ ಅಂಟಿಸುತ್ತದೆ. ಒಬ್ಬಳು ಇಟ್ಟ ಜಾಗಕ್ಕೇ ಉಳಿದವರೂ ಬರುತ್ತಾರೆ, ಊರ ಬಾವಿಗೆ ಬಂದ ಹಾಗೆ. ಮೇಲ್ಮೈ ಒಣಗಿತೋ, ಬಂದವರು ಹಾಗೇ ವಾಪಸು.

2. ತಾಯಿ ಕಂಡ ಹಗಲನ್ನು ಮರಿ ಮರೆಯುವುದಿಲ್ಲ.

ಒಂದು ಶರತ್ಕಾಲದಲ್ಲಿ ದೀಪದ ಟೈಮರ್ ಕೆಟ್ಟಿತು. ಕಿಟಕಿಯ ಬೆಳಕಿದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊಟ್ಟೆ ಬಂತು, ಹುಳು ಬೆಳೆಯಿತು, ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಚಂದ್ರಿಕೆ ಹುಡುಕಿ ಹೊರಟಂತೆ ಆಹಾರ ಬಿಟ್ಟು ಮರದ ಹೊಟ್ಟಿನೊಳಗೆ ಇಳಿಯಿತು. ಅಲ್ಲೇ ನಿಂತಿತು. ಕೋಶ ಕಟ್ಟಲಿಲ್ಲ, ಸಾಯಲೂ ಇಲ್ಲ. ಬಿಳಿ ಹುಳುಗಳು ಮುಟ್ಟಿದರೆ ಮಾತ್ರ ಸೋಮಾರಿಯಾಗಿ ಹೊರಳುತ್ತಿದ್ದವು.

ಮನೆಯಲ್ಲಿ ಕಲಿತದ್ದು ಆಗ ನೆನಪಾಯಿತು. ದ್ವಿತಳಿ ರೇಷ್ಮೆಯ ಮೊಟ್ಟೆ ಚಳಿಗಾಲದ ನಿದ್ದೆಗೆ ಹೋಗುತ್ತದೋ ಇಲ್ಲವೋ ಎಂಬುದು ತಾಯಿ ತಾನೇ ಮೊಟ್ಟೆಯಾಗಿದ್ದಾಗ ಕಂಡ ಬಿಸಿ, ಬೆಳಕಿನಲ್ಲಿ ನಿರ್ಧಾರವಾಗುತ್ತದೆ. ಇಲ್ಲಿಯೂ ಸುಮಾರು ಅದೇ ಕಥೆ: ತಾಯಿನೊಣಗಳು ಗಿಡ್ಡ ಹಗಲು ಕಂಡಿದ್ದವು, ಮರಿಗಳ ತಟ್ಟೆ ಕೋಣೆಯ ತಣ್ಣನೆಯ ಮೂಲೆಯಲ್ಲಿತ್ತು. ಎರಡೂ ಕೂಡಿ, ಚಳಿಗಾಲ ಬಂತೆಂದು ಹುಳು ನಿದ್ದೆಗೆ ಕೂತಿದ್ದವು. ಆಮೇಲಿಂದ ಉದ್ದ ಹಗಲು, 25 ಡಿಗ್ರಿಯ ಆಸುಪಾಸು. ಟೈಮರನ್ನು ಬೆಳಗಿನ ಕಾಫಿಗೂ ಮುಂಚೆ ನೋಡುತ್ತೇನೆ.

3. ಹುಳು ಹೆಚ್ಚು ತುಂಬಿದರೆ ನೊಣ ಗಿಡ್ಡ.

ಒಂದು ತಟ್ಟೆಗೆ ಎರಡು ತಟ್ಟೆಯ ಮೊಟ್ಟೆ ಸುರಿದರೆ ಆಹಾರ ಬೇಗ ಮುಗಿಯುತ್ತದೆ, ರಾಶಿ ತಾನೇ ಬಿಸಿಯೇರುತ್ತದೆ. ಅರೆಹೊಟ್ಟೆಯಲ್ಲಿ ಕೋಶವಾದದ್ದು ಚಿಕ್ಕ ನೊಣವಾಗಿ ಹೊರಬರುತ್ತದೆ, ಚಿಕ್ಕ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಕಡಿಮೆ. ಇವತ್ತಿನ ದುರಾಸೆಯ ಲೆಕ್ಕ ಮುಂದಿನ ತಲೆಮಾರಿನಲ್ಲಿ ಸಿಗುತ್ತದೆ. ತಟ್ಟೆ ತುಂಬ ಹುಳು ಹಾಕಿ ಗೂಡು ಕೆಡಿಸಿಕೊಂಡವರನ್ನು ಕಂಡ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮಾಡಿದೆ, ಎರಡು ಸಲ.

4. ಕಣಜ ಬಂದರೆ ಪಂಜರ ಖಾಲಿ.

ನಮ್ಮೂರಲ್ಲಿ ಊಜಿಯ ಕೋಶ ಕೊಲ್ಲಲೆಂದು ನೆಸೊಲಿಂಕ್ಸ್ ಎಂಬ ಸಣ್ಣ ಕಣಜವನ್ನು ತಂದು ಬಿಡುತ್ತಾರೆ. ಇಲ್ಲಿ ಅದರ ದೂರದ ನಂಟ ನಾಸೋನಿಯಾ ನಮ್ಮ ನೊಣದ ಕೋಶಗಳಿಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ನೊಣ ಬರಬೇಕಾದ ಡಬ್ಬಿಯಿಂದ ಕಪ್ಪು ಚುಕ್ಕಿಗಳಂಥ ಕಣಜಗಳು ಹೊರಟವು ಎಂದರೆ ಆ ತಂಡ ಮುಗಿಯಿತು. ಜಾಲರಿಯ ಕಣ್ಣು ಸಣ್ಣದಿರಲಿ.

5. ಮೊಟ್ಟೆ ತೊಳೆಯುವುದಕ್ಕೆ ಗಡಿಯಾರ ಬೇಕು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಮೂಳೆ ವೈದ್ಯ ವಿಲಿಯಂ ಬೇರ್ 1917ರ ರಣರಂಗದಲ್ಲಿ ಹುಳು ಬಿದ್ದ ಗಾಯಗಳಿದ್ದೂ ಬದುಕಿದ ಇಬ್ಬರು ಸೈನಿಕರನ್ನು ಕಂಡು, 1920ರ ದಶಕದ ಕೊನೆಗೆ ಈ ಚಿಕಿತ್ಸೆಯನ್ನು ಆಸ್ಪತ್ರೆಗೆ ತಂದರು. ಶುದ್ಧಿ ಮಾಡದ ಹುಳುವಿನಿಂದ ಕೆಲವು ರೋಗಿಗಳಿಗೆ ಧನುರ್ವಾಯುವಿನಂಥ ಸೋಂಕು ತಗುಲಿದ ಮೇಲೆ ಮೊಟ್ಟೆಯನ್ನೇ ರಾಸಾಯನಿಕದಲ್ಲಿ ತೊಳೆಯುವ ಕ್ರಮ ಬಂತು. ದ್ರಾವಣ ಸಪ್ಪೆಯಾದರೆ, ಹೊತ್ತು ಸಾಲದಿದ್ದರೆ ರೋಗಾಣು ಉಳಿಯುತ್ತದೆ; ಖಾರವಾದರೆ, ಹೊತ್ತು ಮೀರಿದರೆ ಮರಿ ಸಾಯುತ್ತದೆ. ಒಣಗಿದ ಈಲಿಯ ಮೇಲಿನ ಮೊಟ್ಟೆ ಮೊದಲೇ ಸೊರಗಿರುತ್ತದೆ, ತೊಳೆದ ಮೇಲೆ ಸರಿಯಾಗಿ ಒಡೆಯುವುದೂ ಇಲ್ಲ. ಅಂಥ ದಿನ ದ್ರಾವಣವನ್ನು ಬೈಯುವ ಬದಲು ಈಲಿ ಇಟ್ಟವನನ್ನು ಹುಡುಕುತ್ತೇನೆ. ಬಹುಪಾಲು ನಾನೇ ಆಗಿರುತ್ತೇನೆ.

ಅಮ್ಮನಿಗೆ ಇದ್ಯಾವುದೂ ಹಿಡಿಸುವುದಿಲ್ಲ. ಹಸುವಿನ ಗಾಯಕ್ಕೆ ಹುಳು ಬಿದ್ದರೆ ಸೀತಾಫಲದ ಎಲೆ ಅರೆದು ತುಂಬಿದ ಕೈ ಅವಳದು. ಗಾಯದ ಹುಳುವೆಂದರೆ ಅವಳು ಹೆದರುವುದರಲ್ಲಿ ತಪ್ಪಿಲ್ಲ: ನಮ್ಮ ಬಯಲಿನಲ್ಲಿ ಕ್ರೈಸೋಮಿಯಾ ಬೆಜಿಯಾನಾ ಎಂಬ ನೊಣವಿದೆ, ಅದರ ಹುಳು ಜೀವಂತ ಮಾಂಸವನ್ನೇ ತಿನ್ನುತ್ತದೆ. ಹಾಗಾಗಿ ಫೋನಿನಲ್ಲಿ ಗಾಯದ ಮಾತು ಬಿಟ್ಟು, 'ನಿನ್ನ ಹುಳು ಹಣ್ಣಾಯ್ತೇನೋ' ಎಂದು ಮಾತ್ರ ಕೇಳುತ್ತಾಳೆ.